ಸ್ವಾಮಿ ಅಂದ ಮೇಲೆ ನಮ್ಮವರೇ

ಪಾಂಡವಪುರ
10-9-1995

ಅಣ್ಣನಿಗೆ ಬೆಟ್ಟಮ್ಮನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಕ್ಷೇಮವೇ, ಆದರೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಕ್ಷೇಮ. ಎರಡು ಕೋಣೆಯಲ್ಲಿ ಆರು ಜನ. ಇವರು ರಾತ್ರಿ ಬಸ್ಸು ಓಡಿಸಿ ಬೆಳಗ್ಗೆ ಬಂದು ಮಲಗಿದರೆ ನಾವೆಲ್ಲ ಪಿಸುಗುಟ್ಟಬೇಕು, ನಮ್ಮತ್ತೆಗೆ ಪಿಸುಗುಟ್ಟಲು ಬರುವುದಿಲ್ಲ. ಮೇಘನ ಈ ವರ್ಷ ಎಸ್ಸೆಸ್ಸೆಲ್ಸಿ. ಒಲೆ ಪಕ್ಕ ಕೂತು ಓದುತ್ತಾಳೆ, ಅವಳ ವಿಜ್ಞಾನದ ಪುಸ್ತಕ ತೆರೆದರೆ ಒಗ್ಗರಣೆ ವಾಸನೆ. ಚಿಕ್ಕವಳು ಸ್ನೇಹ ನಮ್ಮಪ್ಪನ ಮಂಚದ ಕೆಳಗೆ ಮಲಗುತ್ತಾಳೆ. ಮೊನ್ನೆ ಅಪ್ಪ ಎದ್ದು ಕಾಲಿಟ್ಟಿದ್ದು ಅವಳ ಜಡೆಯ ಮೇಲೆ. ತಾತ ಮೊಮ್ಮಗಳು ಇಬ್ಬರೂ ಕಿರುಚಿಕೊಂಡಿದ್ದು ಇಡೀ ಬೀದಿಗೆ ಕೇಳಿಸಿತು.

ಅಪ್ಪ ಇಲ್ಲಿದ್ದಾನೆಂದು ನಾನು ದೂರುತ್ತಿಲ್ಲ. ನಾಲ್ಕು ವರ್ಷದ ಹಿಂದೆ ನಿನ್ನ ಮನೆಯಿಂದ ಚೀಲ ಹಿಡಿದುಕೊಂಡು ಬಂದವನು, ಅತ್ತಿಗೆ ಜೊತೆ ಏನು ಮನಸ್ತಾಪವೋ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಇರಲಿ. ಆದರೆ ಈ ಮನೆ ಇನ್ನು ನಮ್ಮನ್ನು ಹಿಡಿಯುವುದಿಲ್ಲ. ಪಕ್ಕದ ಮನೆ ಚಲುವಯ್ಯ ನಡುಗೋಡೆ ಒಡೆದು ಎರಡನ್ನೂ ಒಂದು ಮಾಡಿಕೊಳ್ಳುತ್ತೇನೆ, ನನಗೇ ಕೊಡಿ ಎನ್ನುತ್ತಿದ್ದಾನೆ. ಕೊಡುವುದೆಂದು ತೀರ್ಮಾನ ಮಾಡಿದ್ದೇವೆ.

ನಾನು ದಿನವೂ ಕೆಲಸಕ್ಕೆ ಹೋಗುವ ಶ್ರೀರಂಗಪಟ್ಟಣದಲ್ಲೇ ಒಂದು ಮನೆ ಇದೆ. ಶಿವಣ್ಣ ಎನ್ನುವವರದು. ಮಗಳಿರುವ ಕಡೆಗೆ, ಮೈಸೂರಿಗೆ, ಹೋಗುತ್ತಾರಂತೆ. ವಿಚಾರಿಸಿದರೆ ಅವರು ನಾಗಮಂಗಲದ ನಿನ್ನ ಮನೆ ಮಾಲೀಕರ ಷಡ್ಡಕರು! ಅಣ್ಣಾ, ಹೆಡ್‌ಮಾಸ್ಟರ್ ಮಾತಿಗೆ ತೂಕ ಇರುತ್ತದೆ. ನರ್ಸಮ್ಮ ಕೇಳಿದರೆ ಚೌಕಾಸಿ, ನೀನು ಕೇಳಿದರೆ ಮಾತುಕತೆ. ಒಂದು ಸಲ ಹೋಗಿ ಮಾತಾಡಿಕೊಂಡು ಬಾ.

ನಿನ್ನ ತಂಗಿ
ಬೆಟ್ಟಮ್ಮ


ನಾಗಮಂಗಲ
2-10-1995

ಚಿ. ಸೌ. ಬೆಟ್ಟಮ್ಮನಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಾವೆಲ್ಲರೂ ಆರೋಗ್ಯ. ರಮ್ಯ ಎರಡನೇ ಪಿಯುಸಿಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ.

ಕಳೆದ ಭಾನುವಾರ ಶಿವಣ್ಣನವರನ್ನು ಕಂಡೆ. ಬಹಳ ಆದರದಿಂದ ಮಾತನಾಡಿಸಿದರು, ಊಟ ಮಾಡದೆ ಬಿಡಲಿಲ್ಲ. ಮನೆ ಗಟ್ಟಿಯಾಗಿದೆ. ಮೂರು ಕೋಣೆ, ಹಜಾರ, ಹಿತ್ತಲಿನಲ್ಲಿ ಸೇದುವ ಬಾವಿ. ಬೆಲೆಯನ್ನೂ ಇಳಿಸಿದ್ದಾರೆ. ನಮ್ಮ ಮಾಲೀಕರಿಂದಲೂ ಒಂದು ಮಾತು ಹೇಳಿಸಿದ್ದೇನೆ. ಕರಾರು ಪತ್ರಕ್ಕೆ ಒಳ್ಳೆಯ ದಿನ ನೋಡಿ ತಿಳಿಸುತ್ತಾರೆ, ಸಾಕ್ಷಿಯಾಗಿ ನಾನೇ ಬರುತ್ತೇನೆ. ನೋಂದಣಿ ಜನವರಿಯಲ್ಲಿ.

ಒಂದೆರಡು ವಿಷಯ ಗಮನದಲ್ಲಿರಲಿ. ನೀನು ಅಲ್ಲಿಗೆ ಹೋದಾಗ ಅನಗತ್ಯವಾಗಿ ಮಾತು ಬೆಳೆಸಬೇಡ. ಅಪ್ಪನನ್ನು ಮನೆ ತೋರಿಸಲು ಕರೆದುಕೊಂಡು ಹೋಗುವ ಅವಸರ ಬೇಡ, ವಯಸ್ಸಾಗಿದೆ, ಬಸ್ಸಿನಲ್ಲಿ ಆಯಾಸ. ಹಾಗೆಯೇ ನನಗೆ ಕಾಗದ ಬರೆಯುವಾಗ ಕಾರ್ಡಿನಲ್ಲಿ ಬರೆಯಬೇಡ. ಇನ್‌ಲ್ಯಾಂಡ್ ಲೆಟರ್ ಬಳಸು. ಅಂಚೆಯವನು ಮಾಲೀಕರ ಜಗಲಿಯ ಮೇಲೆ ಇಟ್ಟು ಹೋಗುತ್ತಾನೆ.

ಇಂತಿ
ಮಹದೇವಸ್ವಾಮಿ


ಪಾಂಡವಪುರ
6-11-1995

ಅಣ್ಣನಿಗೆ ನಮಸ್ಕಾರ.

ಕರಾರಾದ ದಿನ ನೀನು ಆತುರದಲ್ಲಿ ಹೊರಟುಬಿಟ್ಟೆ, ಸರಿಯಾಗಿ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ಆ ಮನೆ ನನಗೆ ಎಷ್ಟು ಹಿಡಿಸಿದೆ ಎಂದರೆ, ಕೆಲಸ ಮುಗಿಸಿ ಬರುವಾಗ ದಾರಿ ತಪ್ಪಿಸಿಕೊಂಡು ಆ ಬೀದಿಯಲ್ಲೇ ಬರುತ್ತೇನೆ. ಬೆಳಕು ಬೀಳುವ ಕೋಣೆ ಮೇಘನಳಿಗೆ, ಬಾವಿ ಕಡೆಯದು ಅಪ್ಪನಿಗೆ ಎಂದು ಮನಸ್ಸಿನಲ್ಲೇ ಹಂಚಿ ಆಗಿದೆ.

ನಿನ್ನೆ ಶಿವಣ್ಣನವರ ಮನೆಯವರು ದಾರಿಯಲ್ಲಿ ನನ್ನನ್ನು ಕಂಡು ಒಳಗೆ ಕರೆದರು. ದೇವರ ಗೂಡು ತೋರಿಸಿ, "ಇಲ್ಲೇ ಕುಂತ್ಕಂಡು ಲಿಂಗಪೂಜೆ ಮಾಡ್ಕಳಿ, ನಮ್ಮ ಮಾವನೂ ಇಲ್ಲೇ ಮಾಡ್ಕತಿದ್ದುದ್ದು" ಎಂದರು. ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಆ ಪದ್ಧತಿ ಇಲ್ಲವಲ್ಲ ಎಂದೆ. ಅವರು ನಕ್ಕು, "ಈಗಿನ ಕಾಲ್ದೋರು ಯಾರು ಮಾಡ್ತಾರೆ ಬುಡಿ. ನಿಮ್ಮಣ್ಣೋರ ಎಸರು ಕೇಳ್ದೇಟ್ಗೆ ನಮ್ಮೆಜಮಾನ್ರು ಅಂದ್ರು, ಸ್ವಾಮಿ ಅಂದ್ಮೇಲೆ ನಮ್ಮೋರೇ ಅಂತ" ಎಂದರು.

ಮಾದಪ್ಪನಿಗೆ ಹರಕೆ ಹೊತ್ತು ಹುಟ್ಟಿದವನು ನೀನು. ಅಪ್ಪ ಮಾದ ಅಂದ, ಸ್ಕೂಲಿಗೆ ಸೇರಿಸಿಕೊಂಡ ಮೇಷ್ಟ್ರು ಮಹದೇವಸ್ವಾಮಿ ಅಂತ ಬರೆದರು. ಬೆಟ್ಟದ ಮಾದಪ್ಪ ಎಲ್ಲರ ದೇವರು, ನಮ್ಮ ಕಡೆ ಕಾಲೊನಿಗೆ ಹತ್ತು ಜನ ಮಹದೇವಸ್ವಾಮಿಗಳಿದ್ದಾರೆ. ಇವರು ಹೆಸರು ಕೇಳಿ ನಮ್ಮನ್ನು ಲಿಂಗಾಯತರು ಅಂದುಕೊಂಡುಬಿಟ್ಟಿದ್ದಾರೆ! ನನಗೆ ನಗು ಬಂತು, ಆದರೆ ಅಲ್ಲಿ ನಗಲಿಲ್ಲ. ನಿನ್ನ ಎದುರಿಗೆ ಈ ಮಾತು ಬಂದಿರಲಿಕ್ಕಿಲ್ಲ, ಬಂದಿದ್ದರೆ ನೀನೇ ಹೇಳುತ್ತಿದ್ದೆ. ಅವರಿಗೆ ಒಂದು ಕಾಗದ ಬರೆದು ತಿಳಿಸಿಬಿಡು. ದೊಡ್ಡವರು ನೀನು ಹೇಳಿದರೆ ಚೆನ್ನ.

ಬೆಟ್ಟಮ್ಮ


ನಾಗಮಂಗಲ
13-11-1995

ಬೆಟ್ಟಮ್ಮನಿಗೆ ಆಶೀರ್ವಾದ.

ನಾನು ಯಾರ ಬಳಿಯೂ ಸುಳ್ಳು ಹೇಳಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಾಗಿಯೇ ಏನೋ ಭಾವಿಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ನೀನು ಭಾವಾವೇಶಕ್ಕೆ ಒಳಗಾಗದೆ ಯೋಚಿಸು. ನಿನ್ನ ಹಳೆಯ ಮನೆಯನ್ನು ಚಲುವಯ್ಯನಿಗೆ ಕೊಡುವುದಾಗಿ ಮಾತು ಕೊಟ್ಟಾಗಿದೆ. ಈ ಮನೆ ತಪ್ಪಿದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀಯ? ಜನವರಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿರು. ನೋಂದಣಿಯಾದ ಮೇಲೆ ಯಾರು ಏನು ಮಾಡಲು ಸಾಧ್ಯ? ಅಕ್ಕಪಕ್ಕದವರಿಗೆ ಕ್ರಮೇಣ ತಿಳಿಯುತ್ತದೆ, ಕ್ರಮೇಣ ಹೊಂದಿಕೊಳ್ಳುತ್ತಾರೆ.

ನನ್ನ ಪರಿಸ್ಥಿತಿಯನ್ನೂ ನೋಡು. ಶಿವಣ್ಣನವರಿಗೆ ತಿಳಿದರೆ ಮರುದಿನವೇ ನಮ್ಮ ಮಾಲೀಕರಿಗೆ ತಿಳಿಯುತ್ತದೆ. ಈ ಊರಿನಲ್ಲಿ ನಾನು ಎಷ್ಟು ಕಷ್ಟಪಟ್ಟು ಮರ್ಯಾದೆಯಿಂದ ಒಂದು ಮನೆ ಹಿಡಿದಿದ್ದೇನೆ ಎನ್ನುವುದು ನಿನಗೆ ಗೊತ್ತಿಲ್ಲ. ರಮ್ಯಳ ಪರೀಕ್ಷೆ ಹತ್ತಿರದಲ್ಲಿದೆ. ಅಣ್ಣನಾಗಿ ಕೇಳಿಕೊಳ್ಳುತ್ತಿದ್ದೇನೆ.

ಈ ಪತ್ರ ಓದಿ ಹರಿದುಹಾಕು.

ಮಹದೇವಸ್ವಾಮಿ


ಪಾಂಡವಪುರ
27-11-1995

ಅಣ್ಣನಿಗೆ,

ಹರಿದುಹಾಕಲಿಲ್ಲ. ಇದನ್ನು ಕಾರ್ಡಿನಲ್ಲೇ ಬರೆದು ನಿನ್ನ ಮಾಲೀಕರ ಜಗಲಿಗೇ ಕಳಿಸೋಣ ಎಂದುಕೊಂಡೆ. ಅಷ್ಟು ಸಿಟ್ಟು ಬಂದಿತ್ತು. ನನ್ನ ಸಿಟ್ಟು ಕಾರ್ಡಿನಲ್ಲಿ ಹಿಡಿಸಲಿಲ್ಲ, ನೀನು ಬದುಕಿಕೊಂಡೆ.

ಹೇಳಿಬಿಟ್ಟೆ, ಅಣ್ಣ. ಹೋದ ಗುರುವಾರ ಶಿವಣ್ಣನವರ ಹಜಾರದಲ್ಲಿ ಕೂತು, ನಾವು ಆದಿ ಕರ್ನಾಟಕದವರು, ಕೆ.ಆರ್. ಪೇಟೆಯ ಹೊಸಹೊಳಲು ಕಡೆ ಕೂಲಿ ಮಾಡಿಕೊಂಡಿದ್ದ ದ್ಯಾವಯ್ಯನ ಮಗಳು ನಾನು ಎಂದೆ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ.

ನಿನ್ನ ಕಾಗದ ಬಂದ ಮೇಲೆ ನಾಲ್ಕು ದಿನ ನಾನೂ ತೂಗಿ ನೋಡಿದೆ. ಮೇಘನಳ ಕೋಣೆ ಕಣ್ಣ ಮುಂದೆ ಬರುತ್ತಿತ್ತು. ಇವರು, "ನಿಂಗೆಂಗ್ ತೋಚ್ತದೋ ಅಂಗ್ ಮಾಡು. ಮನೆ ಓದ್ರೆ ಇನ್ನೊಂದು ಮನೆ ನೋಡುವ" ಎಂದರು. ಆಮೇಲೆ ಅಪ್ಪನನ್ನು ಕೇಳಿದೆ. ನಿನ್ನ ಕಾಗದ ಓದಿ ಹೇಳಿದೆ. ಮರ್ಯಾದೆಯಿಂದ ಮನೆ ಹಿಡಿದಿದ್ದೇನೆ ಎಂಬ ಕಡೆ ಬಂದಾಗ ಅಪ್ಪ ಕೈ ಎತ್ತಿ ನಿಲ್ಲಿಸಿದ.

"ನಿಮ್ಮಣ್ಣ ಕೆಟ್ಟೋನಲ್ಲ ಕಣವ್ವ" ಎಂದ. "ಅವತ್ತು ಅವ್ನ ಮನೆ ಜಗಲಿ ಮ್ಯಾಲೆ ಕುಂತಿದ್ದೆ. ಯಜಮಾನ್ರು ಬಂದು, ಇವ್ರ್ಯಾರು ಮೇಷ್ಟ್ರೇ ಅಂದ್ರು. ನಮ್ಮೂರೋರು ಅಂದ. ಅಷ್ಟೇಯ. ಸುಳ್ಳೇನಲ್ಲ, ನಾನು ಅವ್ನ ಊರೋನೇ ಅಲ್ವಾ? ದ್ಯಾವಯ್ಯ ಅಂತ ಎಸರೇಳಿದ್ರೆ ಗೊತ್ತಾಗ್ಬುಡ್ತದಲ್ಲ, ಅದ್ಕೆ. ಊರೋನು ಎಷ್ಟು ದಿವ್ಸ ಇನ್ನೊಬ್ರ ಮನೇಲಿರ್ತಾನೆ ಯೋಳು. ಬಸ್ಸತ್ತುಬುಟ್ಟೆ."

ನಾಲ್ಕು ವರ್ಷ ನಾನು ಅತ್ತಿಗೆಯನ್ನು ಬೈದುಕೊಂಡೆ. ಅಪ್ಪ ಒಂದು ಮಾತು ಆಡಲಿಲ್ಲ. ನೀನೂ ಆಡಲಿಲ್ಲ. ಹಡೆದ ಅಪ್ಪನನ್ನು ಊರಿನ ಲೆಕ್ಕಕ್ಕೆ ಬರೆದು, ನಿನ್ನ ಲೆಕ್ಕದಿಂದ ಹೊಡೆದು ಹಾಕಿದೆಯಲ್ಲ. ನಾನು ಜನವರಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಗೃಹಪ್ರವೇಶದ ದಿನ ಅಪ್ಪನನ್ನು ಯಾರು ಅಂತ ಹೇಳುತ್ತಿದ್ದೆ? ನಮ್ಮೂರೋರು ಅಂತಲಾ? ಅಂಥ ಮನೆ ನನಗೆ ಬೇಡ. ಆದರೆ ಆ ಮನೆ ನನಗೆ ಬೇಕು. ಎರಡೂ ನಿಜ, ಎರಡನ್ನೂ ಬಿಡುವುದಿಲ್ಲ.

ಶಿವಣ್ಣನವರು ತಮ್ಮ ಲೋಟ ಕೆಳಗಿಟ್ಟರು. ಆಮೇಲೆ, "ನಂಗೇನೂ ಇಲ್ಲಮ್ಮ. ಬೀದಿಲಿ ನಾಕು ಜನ ಇರ್ತಾರೆ, ಅವ್ರ ಬಾಯಿ ಮುಚ್ಚಕ್ಕಾಯ್ತದಾ?" ಎಂದರು.

"ನೀವು ಮೈಸೂರಿಗೆ ಒಂಟೋಯ್ತೀರಿ. ಆ ಬಾಯ್ಗಳ ಮಧ್ಯೆ ಇರೋಳು ನಾನು. ನಂಗಿಲ್ದಿರೋ ಭಯ ನಿಮಗ್ಯಾಕೆ?" ಎಂದೆ.

ಕಾಫಿ ಪೂರ್ತಿ ಕುಡಿದೇ ಎದ್ದುಬಂದೆ.

ಬೆಟ್ಟಮ್ಮ


ಪಾಂಡವಪುರ
18-12-1995

ಅಣ್ಣನಿಗೆ,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ನಿನಗೆ ಸಿಟ್ಟು ಬಂದಿದ್ದರೆ ಬೈದು ಬರೆ. ಸುಮ್ಮನಿರುವುದನ್ನು ನೀನು ಚೆನ್ನಾಗಿ ಕಲಿತಿದ್ದೀಯ, ನನ್ನ ಮೇಲೆ ಪ್ರಯೋಗ ಮಾಡಬೇಡ.

ಮುಂಗಡ ವಾಪಸ್ ತೆಗೆದುಕೊಳ್ಳಿ ಎಂದು ಶಿವಣ್ಣನವರು ಎರಡು ಸಲ ಹೇಳಿ ಕಳಿಸಿದರು. ನಾನು ಮನೆ ಕೊಂಡಿದ್ದೇನೆ, ಮುಂಗಡ ಏಕೆ ಇಸಿದುಕೊಳ್ಳಲಿ ಎಂದು ವಾಪಸ್ ಕಳಿಸಿದೆ. ಇತ್ತ ಚಲುವಯ್ಯ ಗೋಡೆ ಒಡೆಯಲು ಆಳಿಗೆ ಹೇಳಿ ಇಟ್ಟಿದ್ದಾನೆ. ಅವನದೇನೂ ತಪ್ಪಿಲ್ಲ. ಸಂಕ್ರಾಂತಿ ಆದ ಮೇಲೆ ಬಿಟ್ಟುಕೊಡುತ್ತೇವೆ ಎಂದು ಮಾತು ಕೊಟ್ಟವರು ನಾವೇ.

ಪೋಲಿಯೊ ಹನಿಯ ದಿನ ನನ್ನನ್ನು ಆ ಬೀದಿ ಪಕ್ಕದ ಬೂತಿಗೇ ಹಾಕಿದ್ದರು. ಆ ಬೀದಿಯ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಬಂದರು. ಒಂದೊಂದು ಮಗುವಿನ ದವಡೆ ಹಿಡಿದು, ಬಾಯಿ ತೆರೆಸಿ, ಹನಿ ಹಾಕಿದ್ದು ಈ ಕೈ. ಯಾರೂ ಬೇಡ ಎನ್ನಲಿಲ್ಲ. ಒಬ್ಬಾಕೆ ಸೆರಗು ಎಳೆದುಕೊಂಡು, "ಶಿವಣ್ಣೋರ ಮನೆ ಇಸ್ಕತಾ ಇರೋರು ನೀವೇಯ?" ಎಂದಳು. ಹೌದು ನಾನೇ, ಮಗುವಿಗೆ ಮುಂದಿನ ತಿಂಗಳು ಇನ್ನೊಂದು ಸಲ ಹಾಕಿಸಬೇಕು, ಆಗ ಮನೆ ಹತ್ತಿರವೇ ಸಿಗುತ್ತೇನೆ ಎಂದೆ. ಅವಳು ನಕ್ಕಳೋ ಮುಖ ಸಿಂಡರಿಸಿದಳೋ ಗೊತ್ತಾಗಲಿಲ್ಲ, ಮಗು ಅಷ್ಟು ಜೋರಾಗಿ ಅಳುತ್ತಿತ್ತು.

ಈಗ ಬೀದಿಯ ಹಿರಿಯರು ಸೇರಿ ಮಾತಾಡುತ್ತಾರಂತೆ. ಸಂಕ್ರಾಂತಿಗೆ ಮುಂಚಿನ ಭಾನುವಾರ, ಶಿವಣ್ಣನವರ ಹಜಾರದಲ್ಲೇ. "ನಿಮ್ಮಣ್ಣ ನಮ್ಮೋನು ಅಂತೇಳಿ ಮೋಸ ಮಾಡವ್ರೆ, ಈ ಕರಾರು ನಡೆಯಲ್ಲ" ಎನ್ನುವುದು ಅವರ ವಾದ. ನೀನು ಹಾಗೆ ಹೇಳಲಿಲ್ಲ ಎಂದು ನಾನು ಹೇಳಿದರೆ ನಂಬುವುದಿಲ್ಲ. ನೀನೇ ಬಂದು ಹೇಳಬೇಕು. ಬಂದರೆ ನೀನು ಯಾರು ಎನ್ನುವುದನ್ನೂ ಹೇಳಬೇಕಾಗುತ್ತದೆ, ಅದು ನನಗೆ ಗೊತ್ತು. ಗೊತ್ತಿದ್ದೇ ಕರೆಯುತ್ತಿದ್ದೇನೆ. ಅಪ್ಪನೂ ಅಲ್ಲಿರುತ್ತಾನೆ.

ಬೆಟ್ಟಮ್ಮ


ನಾಗಮಂಗಲ
2-1-1996

ಬೆಟ್ಟಮ್ಮನಿಗೆ,

ಬರಲಾಗುವುದಿಲ್ಲ. ಶಾಲೆಯಲ್ಲಿ ತಪಾಸಣೆ ಇದೆ.

ಶಿವಣ್ಣನವರ ಕಡೆಯಿಂದ ತಿಳಿದದ್ದು ನಿಜವೇ ಎಂದು ಮಾಲೀಕರು ಕೇಳಿದರು. ನಾನು ಹೂಂ ಎಂದೆ. ಯುಗಾದಿಯೊಳಗೆ ಮನೆ ಬಿಡಬೇಕಂತೆ. ಅವರ ಮನೆಯವರು ನಮ್ಮ ಬಳಕೆಯ ನೀರಿನ ನಲ್ಲಿಗೆ ಈಗಾಗಲೇ ಬೀಗ ಹಾಕಿದ್ದಾರೆ. ರಮ್ಯ ಬೀದಿಯ ಬೋರ್‌ವೆಲ್ಲಿಂದ ನೀರು ಹೊತ್ತು ತಂದು ಆಮೇಲೆ ಓದಲು ಕೂರುತ್ತಾಳೆ. ನಿನ್ನ ಮಗಳಿಗೆ ಕೋಣೆ ಬೇಕಿತ್ತು. ನನ್ನ ಮಗಳ ಕೋಣೆ ಹೋಯಿತು. ಇದನ್ನೂ ನಿನ್ನ ಧೈರ್ಯದ ಜೊತೆಗೆ ಸೇರಿಸಿಕೊ.

ಜಗಲಿಯ ಆ ದಿನದ ಬಗ್ಗೆ ನೀನು ಬರೆದಿದ್ದೀಯ. ಅಪ್ಪ ಹೇಳಿದ್ದು ನಿಜ. ಆ ಮಾತು ನನ್ನ ಬಾಯಿಂದ ಹೇಗೆ ಬಂತು ಎಂದು ನನಗೆ ಇಂದಿಗೂ ತಿಳಿಯದು. ನಾನು ಬಿಂಡಿಗನವಿಲೆಯಲ್ಲಿ ಮೇಷ್ಟ್ರಾಗಿದ್ದಾಗ ಮೂರು ಕಡೆ ಮನೆ ಕೇಳಿ, ಮೂರು ಕಡೆಯೂ ಇಲ್ಲ ಎನ್ನಿಸಿಕೊಂಡು, ಶಾಲೆಯ ಕೊಠಡಿಯಲ್ಲಿ ಮಲಗಿದವನು. ನಿನಗೆ ಆಗ ಹೇಳಿರಲಿಲ್ಲ. ಈ ಊರಿನಲ್ಲಿ ಒಬ್ಬರು ಸ್ವಾಮಿಗಳೇ ಬನ್ನಿ ಎಂದರು. ನಾನು ಒಳಗೆ ಹೋದೆ.

ಇನ್ನು ಬರೆಯುವುದೇನೂ ಇಲ್ಲ.

ಮಹದೇವಸ್ವಾಮಿ


ಶ್ರೀರಂಗಪಟ್ಟಣ
11-2-1996

ಅಣ್ಣನಿಗೆ ಬೆಟ್ಟಮ್ಮನ ನಮಸ್ಕಾರ.

ಮೇಲಿನ ಊರಿನ ಹೆಸರು ನೋಡು. ನೋಂದಣಿ ಆಯಿತು, ಹಾಲುಕ್ಕಿಸಿಯೂ ಆಯಿತು. ನೀನು ಅದಕ್ಕೆ ಬರಲಿಲ್ಲ, ಅಂದು ಹಿರಿಯರ ಮುಂದೆ ಮಾತಾಡಿದವನು ನೀರೂ ಕುಡಿಯದೆ ಎದ್ದುಹೋದೆ. ಹಾಗಾಗಿ ನೀನು ಕಾಣದೆ ಇದ್ದದ್ದನ್ನೆಲ್ಲ ಬರೆಯುತ್ತೇನೆ.

ಬರಲಾಗುವುದಿಲ್ಲ ಎಂದು ಬರೆದವನು ಬಾಗಿಲಲ್ಲಿ ನಿಂತಾಗ ನಾನು ಇವರ ಕೈ ಹಿಡಿದುಕೊಂಡುಬಿಟ್ಟೆ. "ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಈಗ ಕೇಳಿ" ಎಂದೆಯಲ್ಲ, ಆಗ ಇಡೀ ಹಜಾರದಲ್ಲಿ ಒಬ್ಬರಿಗೂ ಕೇಳುವ ಬಾಯಿ ಬರಲಿಲ್ಲ. ಕೇಳದಿದ್ದರೂ ನೀನು ಹೇಳಿದೆ. ಅಪ್ಪನ ಕಡೆ ಕೈ ತೋರಿಸಿ, "ಇವ್ರು ನಮ್ಮಪ್ಪ. ಕರಾರಿಗೆ ಸಾಕ್ಷಿ ಆಕಿರೋನು ಇವ್ರ ಮಗ. ಕೋರ್ಟಿಗೋದ್ರೆ ಅಲ್ಲೂ ಇದೇ ಮಾತೇಳ್ತೀನಿ" ಎಂದೆ. ಹೆಡ್‌ಮಾಸ್ಟರ್ ಭಾಷೆಯೆಲ್ಲ ಬಿದ್ದುಹೋಗಿ ನಮ್ಮೂರ ಮಾತು ಬಂದುಬಿಟ್ಟಿತ್ತು ನಿನಗೆ.

ನೀನು ಹೋದ ಮೇಲೆ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಕೆಲಸವಿದೆ ಎಂದು ಎದ್ದರು. ಶಿವಣ್ಣನವರು ಮೈಸೂರಿನ ಮನೆಗೆ ಮಾತಾಡಿಬಿಟ್ಟಿದ್ದರು, ಕೋರ್ಟಿನ ಹೆಸರು ಕೇಳಿ ಅವರಿಗೂ ಸಾಕಾಗಿತ್ತು. "ಸಾಕ್ಷಿನೇ ಇಂಗ್ ನಿಂತ್ಮೇಲೆ ನಾನೇನ್ ಮಾಡ್ಲಿ" ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದರು. ಅವರಿಗೂ ಒಂದು ನೆಪ ಬೇಕಿತ್ತು ಎಂದು ನನಗನ್ನಿಸುತ್ತದೆ.

ಪಾಂಡವಪುರದ ಬಸ್ಸಿನಲ್ಲಿ ಕೂತ ಮೇಲೆ ಅಪ್ಪ, ಪಕ್ಕದವರು ಏನೂ ಕೇಳದಿದ್ದರೂ, "ನನ್ ಮಗ ಎಡ್ಮಾಸ್ಟ್ರು, ನಾಗಮಂಗಲದಲ್ಲಿ" ಎಂದ. ಅವರು ಹೌದಾ ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಹೇಳಿದ. ನಾನು ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಅತ್ತೆ.

ಇಲ್ಲಿ ಎಲ್ಲ ಸರಿಹೋಗಿದೆ ಎಂದು ತಿಳಿಯಬೇಡ. ಎಡಗಡೆ ಮನೆಯವರು ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ, ಬಾಗಿಲು ಅವರದು. ನಮ್ಮತ್ತೆ ದಿನವೂ ಅವರಿಗೆ ಕೇಳುವ ಹಾಗೆ ರಂಗೋಲಿ ಹಾಕುತ್ತಾರೆ. ರಂಗೋಲಿ ಹೇಗೆ ಕೇಳಿಸುತ್ತದೆ ಎನ್ನಬೇಡ, ನಮ್ಮತ್ತೆ ಹಾಕಿದರೆ ಕೇಳಿಸುತ್ತದೆ. ಮೇಘನ ಕೋಣೆಗೆ ಚಿಲಕ ಹಾಕಿಕೊಂಡು ಓದುತ್ತಿದ್ದಾಳೆ, ಊಟಕ್ಕೆ ಕರೆದರೂ ತೆಗೆಯುವುದಿಲ್ಲ.

ನಿನ್ನ ಮನೆ ಹೋಗಿದ್ದು ನನ್ನಿಂದ. ಅದನ್ನು ನಾನು ಮರೆತಿಲ್ಲ. ಆದರೆ ಹೇಳಬಾರದಿತ್ತು ಎಂದು ನಾನು ಹೇಳುವುದಿಲ್ಲ, ಅಣ್ಣ, ನೀನು ಎಷ್ಟು ದಿನ ಸುಮ್ಮನಿದ್ದರೂ ಹೇಳುವುದಿಲ್ಲ. ರಮ್ಯಳನ್ನು ಪರೀಕ್ಷೆಯವರೆಗೆ ಇಲ್ಲಿಗೆ ಕಳಿಸು, ಓದಿಕೊಳ್ಳಲಿ. ನೀನು ಬಾಡಿಗೆ ಮನೆ ಹುಡುಕಬೇಡ. ಕೊಳ್ಳುವುದಕ್ಕೇ ನೋಡು. ಸಾಕ್ಷಿಗೆ ನಾನು ಬರುತ್ತೇನೆ.

ನಿನ್ನ ತಂಗಿ
ಬೆಟ್ಟಮ್ಮ


ನಾಗಮಂಗಲ
3-3-1996

ಪ್ರೀತಿಯ ಬೆಟ್ಟಿಗೆ,

ರಮ್ಯ ನಿನ್ನ ಬಳಿ ಚೆನ್ನಾಗಿ ಓದುತ್ತಿದ್ದಾಳೆಂದು ಅವಳ ಕಾಗದದಿಂದ ತಿಳಿಯಿತು. ಮೇಘನಳ ಜೊತೆ ಜಗಳವೂ ಆಗಿದೆಯಂತೆ. ಒಳ್ಳೆಯದು.

ನಿನಗೆ ಬರೆಯಲು ತಡವಾಯಿತು. ನನಗೆ ನಿನ್ನ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ. ನಿನ್ನ ಅತ್ತಿಗೆಗೆ ಇಲ್ಲ. ಈ ಹತ್ತು ವರ್ಷದಲ್ಲಿ ಅವಳು ಇಲ್ಲಿ ಒಬ್ಬರ ಮನೆಗೂ ಅರಿಶಿನ ಕುಂಕುಮಕ್ಕೆ ಹೋಗಿರಲಿಲ್ಲ, ಬಾಯಿ ತಪ್ಪಿ ಏನು ಬರುತ್ತದೋ ಎಂಬ ಭಯಕ್ಕೆ. ಮೊನ್ನೆ ಸಂತೆಯಲ್ಲಿ ತವರಿನ ಕಡೆಯವರನ್ನು ಕಂಡು ಜೋರಾಗಿ ಕೂಗಿ ಕರೆದಳು. ನಾನು ಬೆಚ್ಚಿಬಿದ್ದೆ. ಅವಳು ನನ್ನ ಮುಖ ನೋಡಿ ಇನ್ನೂ ಜೋರಾಗಿ ಕೂಗಿದಳು.

ಹೋದ ಭಾನುವಾರ ಒಂದು ಮನೆ ನೋಡಲು ಹೋಗಿದ್ದೆ. ಹೆಂಚಿನ ಮನೆ, ಮುಂದೆ ಜಾಗವಿದೆ. ಯಜಮಾನರು ಹೆಸರು ಕೇಳಿದರು. ಹೇಳಿದೆ. "ಓಹೋ, ಸ್ವಾಮಿಗಳು! ಬನ್ನಿ ಬನ್ನಿ" ಎಂದು ಕುರ್ಚಿಯ ಧೂಳು ಒರೆಸಿದರು. ನಾನು ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ ಹೇಳಿದೆ. ಅವರು ಒರೆಸುತ್ತಿದ್ದ ಬಟ್ಟೆಯನ್ನು ಕುರ್ಚಿಯ ಮೇಲೇ ಬಿಟ್ಟು, "ಮನ್ಯೋರ್ನ ಕೇಳಿ ಯೋಳ್ತೀನಿ" ಎಂದು ಒಳಗೆ ಹೋದರು. ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಮನೆಗೆ ಬಂದೆ. ಬಂದು ಹೊಟ್ಟೆ ತುಂಬ ಊಟ ಮಾಡಿದೆ. ನನಗೇ ಆಶ್ಚರ್ಯವಾಯಿತು.

ಬರುವ ಭಾನುವಾರ ಇನ್ನೂ ಎರಡು ಮನೆ ನೋಡುವುದಿದೆ. ಯುಗಾದಿ ಹತ್ತಿರ ಬಂತು, ಆದರೆ ನಾನೀಗ ಅವಸರಪಟ್ಟು ಯಾವ ಮನೆಗೂ ನುಗ್ಗುವುದಿಲ್ಲ. ಒಬ್ಬನೇ ಹೋದರೆ ಎಲ್ಲರೂ ಮೊದಲು ಕುರ್ಚಿ ಒರೆಸುತ್ತಾರೆ, ಆಮೇಲೆ ನಾನು ಹೇಳಬೇಕು. ಅದು ಬೇಡ ಎನ್ನಿಸುತ್ತಿದೆ. ಅಪ್ಪನನ್ನು ಶನಿವಾರದ ಬಸ್ಸಿಗೆ ಹತ್ತಿಸು. ಹಗಲಿನ ಬಸ್ಸಿಗೇ ಹತ್ತಿಸು, ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ. ಮನೆ ಕೇಳಲು ಹೋಗುವಾಗ ಅಪ್ಪ ಮುಂದೆ ನಡೆಯಲಿ. ಬಾಗಿಲು ತಟ್ಟಿ, ಯಾರು ಎಂದರೆ, ತನ್ನ ಹೆಸರು ಹೇಳಲಿ. ನಾನು ಹಿಂದೆ ನಿಂತಿರುತ್ತೇನೆ.

ನಿನ್ನ ಅಣ್ಣ
ಮಾದ